ಏಳನೇ ಕ್ಯಾಂಪಿನ ತಿರುವು

ನಮೀಬ್ ಮರುಭೂಮಿಯ ಅಂಚಿನ ಮಾಲ್ಟಹೋಹೆ ಊರಿನ ಎಲಿಯಾಸರ್ ಕೂಪರ್ ಮೂವತ್ತನಾಲ್ಕು ವರ್ಷ ಗ್ರೇಡರ್ ಓಡಿಸಿದ. ಓಡಿಸಿದ ಅನ್ನುವುದೇ ದೊಡ್ಡ ಮಾತು. ಹೊಟ್ಟೆಯಡಿ ಅಗಲವಾದ ಬ್ಲೇಡು ಇಳಿಬಿಟ್ಟುಕೊಂಡು, ಮಣ್ಣುರಸ್ತೆಯನ್ನು ಹೆರೆದು ಸಮ ಮಾಡುತ್ತ, ಗಂಟೆಗೆ ಆರೇಳು ಕಿಲೋಮೀಟರ್ ತೆವಳುವ ಯಂತ್ರ ಅದು. ಕತ್ತೆಗಾಡಿಯವರು ಕೂಡ ಅವನನ್ನು ಹಿಂದೆ ಹಾಕಿ, ತಿರುಗಿ ಕೈಬೀಸಿ ಹೋಗುತ್ತಿದ್ದರು. ಯಂತ್ರದ ಬೆನ್ನಿಗೆ ಕಟ್ಟಿದ ತಗಡಿನ ಗಾಲಿಮನೆ. ಅದರಲ್ಲಿ ಎರಡು ಮಂಚ, ಒಂದು ಒಲೆ, ನೀರಿನ ಪೀಪಾಯಿ, ಮತ್ತೆ ಹೆಂಡತಿ ರೋಸೀನಾ. ಹತ್ತೊಂಬತ್ತು ವರ್ಷ ಅವಳು ಆ ತಗಡಿನ ಪೆಟ್ಟಿಗೆಯಲ್ಲೇ ಸಂಸಾರ ಮಾಡಿದಳು. ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರ್ ಕೆಲಸ, ಸಂಜೆಗೆ ರಸ್ತೆ ಪಕ್ಕ ಠಿಕಾಣಿ. ಠಿಕಾಣಿ ಹೂಡುವ ಜಾಗಗಳಿಗೆ ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ನಂಬರೇ ಹೆಸರು.

ಇಂಥವನು ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ ಪ್ರವಾಸ ಹೊರಡುತ್ತೇನೆ ಅಂದರೆ ಊರು ನಗದೆ ಇರುತ್ತದೆಯೇ? ಸೆಸ್ರಿಯೆಮ್ ಗೇಟಿನ ಒಳಗಿನ ಕೆಂಪು ಮರಳುದಿಬ್ಬ, ಅಲ್ಲಿಂದ ನಮೀಬ್ ರಾಷ್ಟ್ರೀಯ ಉದ್ಯಾನ ದಾಟಿ ವಾಲ್ವಿಸ್ ಬೇ ಸಮುದ್ರ, ಆಮೇಲೆ ಕಡಲಂಚು ಹಿಡಿದು ಉತ್ತರಕ್ಕೆ, ತಿಮಿಂಗಿಲದ ಮೂಳೆ ಬಿದ್ದಿರುವ ಸ್ಕೆಲಿಟನ್ ಕೋಸ್ಟ್ ಉದ್ಯಾನ. ದೇಶದೇಶದ ಜನ ಇದನ್ನೆಲ್ಲ ನೋಡಲೆಂದು ಬರುತ್ತಾರೆ. ಅವರೆಲ್ಲ ಬಂದದ್ದು ಎಲಿಯಾಸರ್ ಸಮ ಮಾಡಿದ ರಸ್ತೆಯ ಮೇಲೇ. ಅವನು ಮಾತ್ರ ಸೆಸ್ರಿಯೆಮ್ ಗೇಟಿನ ತನಕ ಬ್ಲೇಡು ಎಳೆದು, ಗೇಟಿನ ಮುಂದೆ ಯಂತ್ರ ತಿರುಗಿಸಿಕೊಂಡು ವಾಪಸು ಬಂದವನು. ಮೊದಲು ಬಿಳಿಯರ ಆಳ್ವಿಕೆಯಲ್ಲಿ ಅವನ ಬಣ್ಣದವರಿಗೆ ಒಳಗೆ ಕೂಲಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕಾಲ ಬದಲಾದ ಮೇಲೆ ಅವನಿಗೆ ಪುರುಸೊತ್ತಿರಲಿಲ್ಲ. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಆಸೆ ಒಳಗೇ ಕೂತಿತ್ತು.

ಆಸೆ ಅಂದರೆ ಬರೀ ಮರಳು ನೋಡುವುದಲ್ಲ. ರೋಸೀನಾ ಪಕ್ಕದಲ್ಲಿ ಕೂತು ನೋಡಬೇಕು. ಒಬ್ಬನೇ ಹೋಗುವುದಾದರೆ ಹೋಗದಿದ್ದರೂ ನಡೆಯುತ್ತಿತ್ತು. ರೋಸೀನಾ ಬರುತ್ತಾಳೋ ಇಲ್ಲವೋ, ಅದೊಂದೇ ಪ್ರಶ್ನೆ.

ಮಗಳು ಡೊರ್ಥೆಯಾ ಮರಿಯೆಂಟಾಲ್‌ನಲ್ಲಿ ಶಾಲೆ ಮೇಷ್ಟ್ರಮ್ಮ. ಅವಳ ಹತ್ತಿರ ಒಳ್ಳೇ ಪಿಕಪ್ ಇತ್ತು. ಆಗಸ್ಟ್ ರಜೆಗೆ ತಾನೇ ಓಡಿಸಿಕೊಂಡು ಬರುತ್ತೇನೆ ಅಂದಳು. ಜುಲೈ ತಿಂಗಳ ಒಂದು ಶನಿವಾರ ಅವಳು ಮನೆಗೆ ಬಂದಾಗ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿತ್ತು. ನಾಲ್ಕು ಮೂಲೆಗೂ ಕಾಫಿ ಲೋಟ ಭಾರ ಇಟ್ಟಿದ್ದರು. ಅಪ್ಪ ಕನ್ನಡಕ ಏರಿಸಿಕೊಂಡು ಶಾಲೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದ. ಅಮ್ಮ ಎಣ್ಣೆಯಲ್ಲಿ ಹಿಟ್ಟಿನುಂಡೆ ಕರಿಯುತ್ತ, ಮೇಜಿಗೆ ಬೆನ್ನು ಹಾಕಿ ನಿಂತಿದ್ದಳು. ಆ ಬೆನ್ನು ನೋಡಿದರೆ ಸಾಕು, ಆಕೆಯ ಅಭಿಪ್ರಾಯ ಗೊತ್ತಾಗುತ್ತಿತ್ತು.

ಡೊರ್ಥೆಯಾ ನೋಟ್‌ಬುಕ್ ಎತ್ತಿಕೊಂಡು ಓದಿದಳು. ಒಂದನೇ ದಿನ ಒಂದನೇ ಕ್ಯಾಂಪು. ಎರಡನೇ ದಿನ ಎರಡನೇ ಕ್ಯಾಂಪು, ಇಲ್ಲಿ ಗಾಳಿ ಕಡಿಮೆ. ಮೂರನೇ ದಿನ...

"ಅಪ್ಪಾ, ಸೆಸ್ರಿಯೆಮ್‌ಗೆ ಆರು ದಿನಾನಾ?"

"ಮಳೆ ಬಂದ್ರೆ ಎಂಟು."

"ಮೂರು ಗಂಟೆ ದಾರಿ ಅಪ್ಪಾ ಅದು!"

ಎಲಿಯಾಸರ್ ಪೆನ್ಸಿಲ್ ಎತ್ತಿ ನಕ್ಷೆ ನೋಡಿದ, ಮಗಳ ಮುಖ ನೋಡಿದ. ಅವನಿಗೆ ಆಗಲೇ ಹೊಳೆದದ್ದು. ಬ್ಲೇಡು ಇಳಿಬಿಟ್ಟುಕೊಂಡು ಹೋಗುವ ಲೆಕ್ಕವನ್ನೇ ಅವನು ಹಾಕಿದ್ದ. ಈ ರಸ್ತೆಯ ಮೇಲೆ ಬ್ಲೇಡಿಲ್ಲದೆ ಅವನು ಹೋದದ್ದೇ ಇರಲಿಲ್ಲವಲ್ಲ.

"ನಿಮ್ಮಪ್ಪ ಮದುವೆ ದಿನ ಚರ್ಚಿಗೂ ಹಂಗೇ ಬಂದಿದ್ದು. ಪಾದ್ರಿ ಎರಡು ಸಲ ಕಾಫಿ ಕುಡಿದ್ರು," ಎಂದಳು ರೋಸೀನಾ, ತಿರುಗದೆ.

"ಬಂದೆ ತಾನೆ?"

"ಬಂದೆ. ಅದೇ ನಾನು ಮಾಡಿದ ಪಾಪ."

ಮೂವರೂ ನಕ್ಕರು. ನಗು ಇರುವಾಗಲೇ ಕೇಳಿಬಿಡೋಣ ಅಂದುಕೊಂಡು ಎಲಿಯಾಸರ್ ಬಾಯಿ ಬಿಟ್ಟ: "ಹಂಗಾದ್ರೆ ಮೂರೇ ಗಂಟೆ ರೋಸೀ. ಮುಂದಿನ ಸೀಟು ನಿನಗೆ. ಮೆತ್ತೆ ಹಾಕಿಸ್ತೀನಿ."

"ನಾನು ಬರಲ್ಲ ಅಂತ ಎಷ್ಟು ಸಲ ಹೇಳ್ಲಿ? ಹತ್ತೊಂಬತ್ತು ವರ್ಷ ಧೂಳು ತಿಂದು ಹೊಟ್ಟೆ ತುಂಬಿದೆ. ನೀವಿಬ್ಬರೂ ಹೋಗಿ ಬನ್ನಿ. ನನಗೆ ಮೇಕೆ ಇದಾವೆ."

"ಮೇಕೆ ನೋಡ್ಕೊಳೋಕೆ ಪಕ್ಕದ ಮನೆಯೋರು..."

"ಪಕ್ಕದ ಮನೆಯೋರು ಹಾಲು ಕರ್ಕೊಂಡು ಕುಡೀತಾರೆ," ಎಂದಳು ರೋಸೀನಾ. ಅಲ್ಲಿಗೆ ಆ ಮಾತು ಮುಗಿಯಿತು.

ಮೇಕೆಯ ನೆವ ಸುಳ್ಳು ಅಂತ ಎಲಿಯಾಸರ್‌ಗೆ ಗೊತ್ತಿತ್ತು. ಕಾರಣ ಇದ್ದದ್ದು ಸೊಲಿಟೇರ್ ಪೆಟ್ರೋಲ್ ಬಂಕ್ ದಾಟಿ ನಲವತ್ತು ಕಿಲೋಮೀಟರಿನ ಮೇಲೆ, ಗಾಉಬ್ ಕಣಿವೆಗೆ ಇಳಿಯುವ ಮುಂಚಿನ ಬಯಲಿನಲ್ಲಿ. ಅದು ಏಳನೇ ಕ್ಯಾಂಪು. ಮೂವತ್ತೆಂಟು ವರ್ಷದ ಹಿಂದೆ ಅವರ ಎರಡನೇ ಮಗು ಸಾನಾ, ಹನ್ನೊಂದು ತಿಂಗಳ ಹುಡುಗಿ, ಅಲ್ಲಿ ಜ್ವರ ಬಂದು ಎರಡೇ ದಿನಕ್ಕೆ ತೀರಿಕೊಂಡಿತು. ಆಸ್ಪತ್ರೆ ನೂರೈವತ್ತು ಕಿಲೋಮೀಟರ್ ದೂರ. ಅವರ ಹತ್ತಿರ ಇದ್ದದ್ದು ಗ್ರೇಡರ್ ಒಂದೇ. ಬ್ಲೇಡು ಎತ್ತಿಕೊಂಡು ಎಷ್ಟು ಓಡಿಸಿದರೂ ಅದು ಮೂವತ್ತರ ಮೇಲೆ ಹೋಗಲೊಲ್ಲದು. ಅರ್ಧ ದಾರಿಯಿಂದ ತಿರುಗಿಸಿಕೊಂಡು ಬಂದರು. ಕ್ಯಾಂಪಿನ ಪಕ್ಕದ ಒಂಟಿ ಜಾಲಿಮರದ ಹತ್ತಿರ ಮಣ್ಣು ಮಾಡಿ, ಮೇಲೆ ಕಲ್ಲು ಪೇರಿಸಿದರು. ಆಗ ಆರು ವರ್ಷದವಳಾಗಿದ್ದ ಡೊರ್ಥೆಯಾ ಊರಿನ ಹಾಸ್ಟೆಲಿನಲ್ಲಿದ್ದಳು. ತಂಗಿಯೊಬ್ಬಳಿದ್ದಳು ಅಂತ ಅವಳಿಗೆ ಗೊತ್ತು. ಎಲ್ಲಿ ಮಲಗಿದ್ದಾಳೆ ಅಂತ ಯಾರೂ ಹೇಳಿರಲಿಲ್ಲ.

ಅವತ್ತು ವಾಪಸು ಬರುತ್ತ ರೋಸೀನಾ ಒಂದೇ ಮಾತು ಹೇಳಿದ್ದಳು: "ಇನ್ನು ಮೇಲೆ ಆ ಜಾಗದ ಹೆಸರು ನನ್ನ ಮುಂದೆ ಎತ್ತಬೇಡ." ಎಲಿಯಾಸರ್ ಎತ್ತಲಿಲ್ಲ. ಆ ಕಡೆಯ ಕೆಲಸ ಬಂದಾಗಲೆಲ್ಲ ಅವಳು ಗಾಲಿಮನೆ ಬಿಟ್ಟು ಊರಿಗೆ ಬಂದುಬಿಡುತ್ತಿದ್ದಳು. ಮನೆಯಲ್ಲಿ ಆರರ ನಂತರ ಎಂಟು ಅನ್ನುವಷ್ಟರ ಮಟ್ಟಿಗೆ ಅವನ ಬಾಯಿಗೆ ಬೀಗ ಬಿದ್ದಿತ್ತು.

ಆದ್ದರಿಂದ ಅವನು ಒಂದು ಉಪಾಯ ಮಾಡಿದ್ದ. ಆ ಉಪಾಯ ನೋಟ್‌ಬುಕ್ಕಿನ ಎರಡನೇ ಹಾಳೆಯಲ್ಲಿತ್ತು.

ಊಟವಾದ ಮೇಲೆ ಡೊರ್ಥೆಯಾ ದಿನಗಳನ್ನೆಲ್ಲ ಹೊಡೆದುಹಾಕಿ ಗಂಟೆಗಳ ಲೆಕ್ಕ ಹಾಕಲು ಕೂತಳು. ಫೋನಿನಲ್ಲಿ ದೂರ ನೋಡುವುದು, ಅಪ್ಪನನ್ನು ಕೇಳುವುದು. ಆ ವಿಷಯಕ್ಕೆ ಬಂದರೆ ಮುದುಕ ರಾಜ. ಫೋನು ಎರಡು ಗಂಟೆ ಅಂದರೆ ಇವನು ಮೂರು ಅನ್ನುತ್ತಿದ್ದ. "ಅಲ್ಲಿ ಮಧ್ಯಾಹ್ನದ ಮೇಲೆ ಎದುರು ಬಿಸಿಲು. ನಿಧಾನ ಹೋಗು." ಟಯರಿನ ಗಾಳಿ ಊರು ಬಿಡುವಾಗಲೇ ಇಳಿಸಿಕೋ ಅಂದ. ಎರಡು ಸ್ಟೆಪ್ನಿ, ಒಂದಲ್ಲ. ತಲೆಗೆ ದಿನಕ್ಕೆ ಐದು ಲೀಟರ್ ನೀರು, ಅದು ಕುಡಿಯೋದಕ್ಕೆ ಮಾತ್ರ. ರಸ್ತೆ ತಗಡಿನ ಹಾಗೆ ಗೆರೆಗೆರೆ ಎದ್ದಿದ್ದರೆ ಬ್ರೇಕ್ ಒತ್ತಬೇಡ, ಕಾಲು ತೆಗೆ ಅಷ್ಟೆ. ನಾಲ್ಕು ಗಂಟೆ ಮೇಲೆ ಓಡಿಸುವ ಮಾತೇ ಇಲ್ಲ, ಗೆಮ್ಸ್‌ಬಾಕ್ ಜಿಂಕೆ ರಸ್ತೆಗೆ ಬರುತ್ತವೆ, ಅದರ ಕೊಂಬು ಗಾಜಿನೊಳಗೆ ಬಂತೆಂದರೆ ಪ್ರವಾಸ ಮುಗಿಯಿತು. ಉದ್ಯಾನದ ಗೇಟು ಸೂರ್ಯ ಹುಟ್ಟುವಾಗ ತೆಗೆದು ಮುಳುಗುವಾಗ ಹಾಕುತ್ತಾರೆ, ಆದ್ದರಿಂದ ಹಿಂದಿನ ದಿನವೇ ಗೇಟಿನ ಹತ್ತಿರ ಹೋಗಿ ಮಲಗಬೇಕು. ಇದನ್ನೆಲ್ಲ ಹೇಳುವಾಗ ಅವನ ಬೆನ್ನು ನೆಟ್ಟಗಾಗಿತ್ತು. ರೋಸೀನಾ ಪಾತ್ರೆ ತೊಳೆಯುತ್ತ ಕೇಳುತ್ತಿದ್ದಳು. ಒಂದೆರಡು ಸಲ ಅವಳ ಕೈ ನಿಂತದ್ದನ್ನು ಅವನು ನೋಡಿದ. ಅವನಿಗೆ ಆಸೆ ಚಿಗುರಿತು.

ಆಮೇಲೆ ಡೊರ್ಥೆಯಾ ಹಾಳೆ ತಿರುವಿದಳು.

"ಇದೇನಪ್ಪಾ? ಸೊಲಿಟೇರ್‌ನಿಂದ ಸಮುದ್ರಕ್ಕೆ ವಿಂಡ್‌ಹುಕ್ ಮೇಲೆ?"

"ಹ್ಞೂಂ. ಡಾಂಬರು ರಸ್ತೆ. ಸುಖ."

"ನೆಟ್ಟಗೆ ಗಾಉಬ್ ಮೇಲೆ ಹೋದ್ರೆ ಇನ್ನೂರ ಮೂವತ್ತು. ಇದು ಐನೂರ ನಲವತ್ತು! ಉದ್ಯಾನ ನೋಡೋಕೆ ಹೊರಟವರು ಉದ್ಯಾನ ಬಿಟ್ಟು ಊರೆಲ್ಲ ಸುತ್ತೋದಾ? ಅದೂ ಡಾಂಬರಿನ ಮೇಲೆ? ಡಾಂಬರು ರೋಗಿಗಳಿಗೆ ಅಂತ ಹೇಳ್ತಿದ್ದವನು ನೀನೇ ಅಲ್ವಾ?"

ಪಾತ್ರೆ ತೊಳೆಯುವ ಸದ್ದು ನಿಂತಿತು. ಎಲಿಯಾಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಗಾಉಬ್ ರಸ್ತೆ ಕೆಟ್ಟು ಕೂತಿದೆಯಂತೆ. ಅಮ್ಮನ ಮಂಡಿಗೆ ಆಗಲ್ಲ. ಅದಕ್ಕೇ..."

ಹೇಳಿ ಬಾಯಿ ಮುಚ್ಚುವುದರೊಳಗೆ ಬಾಗಿಲಿನಲ್ಲಿ ಯೋನಾಸ್ ನಿಂತಿದ್ದ. ಯೋನಾಸ್ ಎಲಿಯಾಸರ್‌ನ ಕೈಯಲ್ಲಿ ಕೆಲಸ ಕಲಿತವನು, ಈಗ ಅದೇ ರಸ್ತೆಗಳ ಗ್ರೇಡರ್ ಅವನದು. ಊರಿನಲ್ಲಿದ್ದ ಶನಿವಾರ ರೋಸೀನಾಳ ಹಿಟ್ಟಿನುಂಡೆ ತಿನ್ನದೆ ಹೋದವನಲ್ಲ. ಟೋಪಿ ತೆಗೆದು, ಎಲ್ಲರೂ ಅಜ್ಜ ಅಜ್ಜಿಗೆ ಅನ್ನುವ ಹಾಗೆ ಊಪಾ, ಊಮಾ ಎಂದು ಇಬ್ಬರಿಗೂ ನಮಸ್ಕಾರ ಹೇಳಿ, ಕೂರುವ ಮೊದಲೇ ಒಂದು ಉಂಡೆ ಬಾಯಿಗೆ ಹಾಕಿಕೊಂಡ.

"ಯೋನಾಸ್, ಒಳ್ಳೇ ಹೊತ್ತಿಗೆ ಬಂದೆ," ಎಂದಳು ಡೊರ್ಥೆಯಾ. "ಗಾಉಬ್ ರಸ್ತೆ ಹೆಂಗಿದೆ? ಕೆಟ್ಟಿದೆಯಂತೆ?"

ಯೋನಾಸ್‌ನ ಮುಖ ಕೆಂಪಾಯಿತು. "ಯಾರು ಹೇಳಿದ್ದು? ಹೆಸರು ಹೇಳಿ, ಅವನ ಹಲ್ಲು ಉದುರಿಸ್ತೀನಿ! ಹೋದ ವಾರ ತಾನೇ ಮುಗಿಸಿ ಬಂದಿದ್ದೀನಿ. ಸೊಲಿಟೇರ್‌ನಿಂದ ಕಣಿವೆ ತನಕ ಹಲಗೆ ಇಟ್ಟ ಹಾಗಿದೆ ಊಪಾ. ನೇರ, ನುಣ್ಣಗೆ. ಮೊಟ್ಟೆ ಇಟ್ಕೊಂಡು ಹೋಗ್ಬಹುದು."

ನೇರ ಅಂದನಲ್ಲ, ಆ ಒಂದು ಶಬ್ದಕ್ಕೆ ಎಲಿಯಾಸರ್ ಕನ್ನಡಕ ಒರೆಸುವುದನ್ನು ಬಿಟ್ಟ. ಕೇಳೋಣವೆಂದರೆ ರೋಸೀನಾ ಎದುರಿಗೇ ಇದ್ದಳು. ಯೋನಾಸ್ ಇನ್ನೆರಡು ಉಂಡೆ ಕಾಗದದಲ್ಲಿ ಕಟ್ಟಿಸಿಕೊಂಡು, ಹೆಲ್ಮೆರಿಂಗ್‌ಹೌಸೆನ್ ಕಡೆಗೆ ಕೆಲಸವಿದೆ, ಮೂರು ವಾರ ಬರುವುದಿಲ್ಲ ಅಂದು ಹೊರಟೇ ಹೋದ.

ಬಾಗಿಲು ಮುಚ್ಚಿದ ಮೇಲೆ ರೋಸೀನಾ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದಳು. ನಕ್ಷೆಯ ಮೇಲೆ ಬೆರಳಿಟ್ಟಳು. ಸೊಲಿಟೇರ್‌ನಿಂದ ಮೇಲಕ್ಕೆ ಒಂದು ಗೇಣು ಕೂಡ ಆಗದ ದೂರ. ಹುಡುಕಲಿಲ್ಲ, ನೆಟ್ಟಗೆ ಅಲ್ಲೇ ಇಟ್ಟಳು.

"ಇದಕ್ಕೆ ತಾನೇ ಸುತ್ತು ಹಾಕಿದ್ದು?"

ಎಲಿಯಾಸರ್ ತಲೆಯಾಡಿಸಿದ.

"ನನಗೋಸ್ಕರಾನಾ, ನಿನಗೋಸ್ಕರಾನಾ?"

"ನಿನಗೇ ರೋಸೀ. ನಿನಗೆ ಸಂಕಟ ಆಗ್ಬಾರ್ದು ಅಂತ."

"ಸಂಕಟ!" ಅಂದಳು ರೋಸೀನಾ. ಅವಳ ದನಿ ಏರಿತು. "ಮೂವತ್ತಾರು ವರ್ಷದಿಂದ ನಾನು ಒಂದು ಮಾತು ಹೊಟ್ಟೆಯೊಳಗೆ ಇಟ್ಕೊಂಡಿದ್ದೀನಿ. ಇವತ್ತು ಕೇಳ್ತೀನಿ. ನನ್ನ ಮಗು ಮೇಲೆ ಎಷ್ಟು ಸಲ ಬ್ಲೇಡು ಎಳೆದೆ ನೀನು?"

ಡೊರ್ಥೆಯಾ ಬೆಚ್ಚಿ ಅಪ್ಪನನ್ನು ನೋಡಿದಳು.

"ಏನಂದೆ?"

"ಲಾರಿಯವನು ಅಂಗಡಿ ಮುಂದೆ ಹೇಳಿದ. ಸಾನಾ ಹೋದ ಎರಡು ವರ್ಷಕ್ಕೆ. ರಸ್ತೆ ಅಗಲ ಮಾಡಿದ್ರು, ಏಳನೇ ಕ್ಯಾಂಪು ಪೂರಾ ನೆಲಸಮ ಆಯ್ತು, ಈಗ ಅದರ ಮೇಲೇ ರಸ್ತೆ ಅಂತ. ಅವನಿಗೇನು ಗೊತ್ತು, ನಗ್ತಾ ಹೇಳಿದ. ನೀನು ಮನೆಗೆ ಬಂದೆ, ಉಂಡೆ, ಮಲಗಿದೆ. ಒಂದು ಮಾತು ಆಡ್ಲಿಲ್ಲ. ತಿಂಗಳಿಗೊಂದು ಸಲ ಆ ರಸ್ತೆ ಕೆಲಸಕ್ಕೆ ಹೋಗ್ತಿದ್ದೆ. ನೀನು ತಂದ ಹಿಟ್ಟಿನಲ್ಲಿ ನಾನು ರೊಟ್ಟಿ ಸುಡ್ತಿದ್ದೆ. ನನಗೆ ಹೆಂಗಾಗಿರ್ಬೇಕು?"

ಅಳು ಬಂತು ಅವಳಿಗೆ, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟೇ ಗೆದ್ದಿತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳು ಇದನ್ನು ನಂಬಿಕೊಂಡು ಮಲಗಿದ್ದಳು ಅಂತ ಎಲಿಯಾಸರ್‌ಗೆ ಆಗ ತಿಳಿಯಿತು. ಅವನು ಮಾತಿನವನಲ್ಲ. ಆದರೂ ಅವತ್ತು ಹೇಳಿದ.

ರಸ್ತೆ ಅಗಲ ಮಾಡಲು ಅಳತೆಯವರು ಗೂಟ ನೆಟ್ಟು ಹೋಗಿದ್ದು ನಿಜ. ಗೂಟದ ಸಾಲು ಜಾಲಿಮರದ ಬುಡಕ್ಕೇ ಬಂದಿತ್ತು. ಮರುದಿನ ಬುಲ್ಡೋಜರ್ ಬರುವುದಿತ್ತು. ಬೆಳಗಿನ ಜಾವ ಎಲಿಯಾಸರ್ ಒಬ್ಬನೇ ಹೋಗಿ ಒಂಬತ್ತು ಗೂಟ ಕಿತ್ತು, ಇಪ್ಪತ್ತು ಹೆಜ್ಜೆ ಪಕ್ಕಕ್ಕೆ, ಅನುಮಾನ ಬಾರದ ಹಾಗೆ ಬಿಲ್ಲಿನಂತೆ ಬಾಗಿಸಿ ನೆಟ್ಟ. ಬುಲ್ಡೋಜರಿನವನು ಗೂಟ ನೋಡಿಕೊಂಡು ಹೋದ. ಕ್ಯಾಂಪಿನ ಒಲೆಗಲ್ಲು, ಬೇಲಿ ಎಲ್ಲ ನೆಲಸಮವಾಯಿತು. ಮರ, ಮರದ ಪಕ್ಕದ ಕಲ್ಲು ಉಳಿಯಿತು. ತಿಂಗಳಾದ ಮೇಲೆ ಎಂಜಿನಿಯರ್ ಬಂದು, ಬಯಲಲ್ಲಿ ಇದೆಂಥ ತಿರುವು ಎಂದು ಕೇಳಿದ. ನೆಲದಡಿ ಮೆತ್ತಗಿನ ಮರಳಿದೆ ಸ್ವಾಮಿ, ನೇರ ಹೋದರೆ ಲಾರಿ ಹೂತುಹೋಗುತ್ತದೆ ಅಂದ ಎಲಿಯಾಸರ್. ನೆಲದ ವಿಷಯದಲ್ಲಿ ಗ್ರೇಡರಿನವನ ಮಾತಿಗೆ ಎಂಜಿನಿಯರುಗಳು ಎದುರಾಡುವುದಿಲ್ಲ. ಆಮೇಲೆ ಕಲಿಯಲು ಬಂದ ಪ್ರತಿಯೊಬ್ಬನಿಗೂ ಎಲಿಯಾಸರ್ ಹೇಳುತ್ತಿದ್ದ, ಜಾಲಿಮರ ಕಂಡಾಗ ಎಡಕ್ಕೆ ಬಾಗು, ಕೇಳಬೇಡ ಅಂತ.

"ರಸ್ತೆ ಅವಳ ಮೇಲಿಲ್ಲ ರೋಸೀ. ಪಕ್ಕದಲ್ಲಿದೆ."

ರೋಸೀನಾ ಅವನನ್ನು ದಿಟ್ಟಿಸಿ ನೋಡಿದಳು. ನಂಬಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೋ ದೇವರಿಗೇ ಗೊತ್ತು. ಆದರೆ ಮಾತು ಬೇರೆಯೇ ಬಂತು.

"ಗಾಉಬ್ ರಸ್ತೆ ಕೆಟ್ಟಿದೆ ಅಂತ ಈಗ ತಾನೇ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದವನು ನೀನು. ಯೋನಾಸ್ ಏನಂದ, ಕೇಳಿಸ್ತಲ್ಲ? ನೇರ ಅಂದ. ಈಗ ತಿರುವು ಅಂತೀಯಾ."

"ಅಮ್ಮಾ..." ಎಂದಳು ಡೊರ್ಥೆಯಾ.

"ನೀನು ಸುಮ್ನಿರು. ನಾನು ಬರ್ತೀನಿ. ಮರಳು ನೋಡೋಕಲ್ಲ, ಇವನ ತಿರುವು ನೋಡೋಕೆ. ತಿರುವು ಇಲ್ಲದೆ ಹೋದ್ರೆ ನಾನೂ ನೀನೂ ಪಿಕಪ್‌ನಲ್ಲಿ ವಾಪಸು. ಇವನು ನಡ್ಕೊಂಡು ಬರ್ಲಿ, ಎಷ್ಟು ದಿನ ಬೇಕೋ ಅಷ್ಟು ದಿನ. ಲೆಕ್ಕ ಹೆಂಗೂ ಬರೆದಿಟ್ಟಿದ್ದಾನಲ್ಲ."

ಹೀಗೆ ರೋಸೀನಾ ಪ್ರವಾಸಕ್ಕೆ ಒಪ್ಪಿದಳು. ಎಲಿಯಾಸರ್ ಬೇಡಿಕೊಂಡದ್ದು ಸಿಕ್ಕಿತು, ಆದರೆ ನಿದ್ದೆ ಹೋಯಿತು. ಆ ರಸ್ತೆಯ ಮೇಲೆ ಅವನು ಹನ್ನೊಂದು ವರ್ಷ ಕಾಲಿಟ್ಟಿರಲಿಲ್ಲ. ಅಷ್ಟರಲ್ಲಿ ಎಷ್ಟು ಜನ ಎಂಜಿನಿಯರುಗಳು ಬಂದು ಹೋದರೋ, ಎಷ್ಟು ಗೂಟ ನೆಟ್ಟರೋ. ಸರಿಯಾಗಿ ಓದಿಕೊಂಡ ಒಬ್ಬ ಹುಡುಗ ನೆಲಕ್ಕೆ ಸರಳು ಚುಚ್ಚಿ ನೋಡಿದ್ದರೆ ಸಾಕು, ಮೆತ್ತಗಿನ ಮರಳಿನ ಕಥೆ ಬಯಲಾಗುತ್ತಿತ್ತು. ಯೋನಾಸ್‌ಗೆ ಫೋನು ಮಾಡಿಸಿದ, ಸಿಗ್ನಲ್ ಇಲ್ಲ. ಮೂರು ವಾರ ಅವನು ತಟ್ಟೆಯ ಮುಂದೆ ಕೂತು ಅರ್ಧ ತಿಂದು ಏಳುತ್ತಿದ್ದ. ರೋಸೀನಾ ನೋಡಿಯೂ ನೋಡದವಳಂತೆ ಒಣಮಾಂಸ ಹಚ್ಚಿ ಚೀಲಕ್ಕೆ ತುಂಬುತ್ತಿದ್ದಳು. ಮೇಕೆಗಳನ್ನು ಪಕ್ಕದ ಮನೆಯವರಿಗೇ ಒಪ್ಪಿಸಿದಳು.

ಆಗಸ್ಟ್ ಎರಡನೇ ವಾರ ಹೊರಟರು. ರೋಸೀನಾ ಬಣ್ಣಬಣ್ಣದ ತುಂಡು ಸೇರಿಸಿ ಹೊಲಿದ ಹಬ್ಬದ ಲಂಗ ಉಟ್ಟು, ತಲೆಗೆ ವಸ್ತ್ರ ಬಿಗಿದು ಮುಂದಿನ ಸೀಟಿನಲ್ಲಿ ಕೂತಳು. ಎಲಿಯಾಸರ್ ಹಿಂದೆ, ನೀರಿನ ಕ್ಯಾನುಗಳ ಜೊತೆ. ಆರು ದಿನದ ಕ್ಯಾಂಪುಗಳನ್ನೆಲ್ಲ ಮೂರು ಗಂಟೆಯಲ್ಲಿ ದಾಟಿದರು. ಪ್ರತಿಯೊಂದರ ಹತ್ತಿರವೂ ಅವನು ಬೆರಳು ತೋರಿಸುವುದರೊಳಗೆ ಅದು ಹಿಂದಾಗಿರುತ್ತಿತ್ತು.

ಸೆಸ್ರಿಯೆಮ್ ಗೇಟಿನ ಹೊರಗೆ ರಾತ್ರಿ ಕಳೆದು, ಬೆಳಿಗ್ಗೆ ಒಳಗೆ ಹೋದರು. ಗೇಟು ದಾಟಿ ಹತ್ತು ಮಾರು ಹೋಗಿರಲಿಲ್ಲ, ಎಲಿಯಾಸರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಡಾಂಬರು! ಒಳಗೆ ಡಾಂಬರು ಹಾಕಿದಾರೆ!"

"ಏನಂದ್ಕೊಂಡಿದ್ದೆ ಅಪ್ಪಾ?"

"ನಾನು ಮೂವತ್ತನಾಲ್ಕು ವರ್ಷ ಹೊರಗೆ ಧೂಳು ಕುಡೀತಿದ್ರೆ ಇವರು ಒಳಗೆ..." ಅವನಿಗೆ ನಿಜವಾಗಿಯೂ ಅವಮಾನವಾಗಿತ್ತು. ರೋಸೀನಾ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. ದಿಬ್ಬದ ಬುಡದಲ್ಲಿ ಶೂಸ್ ಬಿಚ್ಚಿ ಇಬ್ಬರೂ ನೂರು ಹೆಜ್ಜೆ ಹತ್ತಿದರು, ಮಂಡಿ ಅಷ್ಟಕ್ಕೇ ಸಾಕು ಅಂದಿತು. ಅಲ್ಲೇ ಕೂತು ಹಿಟ್ಟಿನುಂಡೆ ತಿಂದರು. ಚೆನ್ನಾಗಿದೆ, ಆದರೆ ಮರಳು ಅಂದರೆ ಮರಳೇ ಅಂದಳು ರೋಸೀನಾ. ಎಲಿಯಾಸರ್‌ಗೆ ಅದು ಯಾವುದೂ ಸರಿಯಾಗಿ ಕಾಣಲಿಲ್ಲ. ಅವನ ಕಣ್ಣಿನಲ್ಲಿ ನಾಳೆಯ ರಸ್ತೆಯಿತ್ತು.

ಮರುದಿನ ಸೊಲಿಟೇರ್‌ನಲ್ಲಿ ಡೀಸೆಲ್ ಹಾಕಿಸಿಕೊಂಡು ಹೊರಟರು. ಯೋನಾಸ್ ಸುಳ್ಳು ಹೇಳಿರಲಿಲ್ಲ, ರಸ್ತೆ ಹಲಗೆ ಇಟ್ಟ ಹಾಗೆಯೇ ಇತ್ತು. ಎಲಿಯಾಸರ್ ಎರಡು ಸೀಟುಗಳ ನಡುವೆ ಕತ್ತು ತೂರಿಸಿ ಮುಂದೆ ನೋಡುತ್ತಿದ್ದ. ಇಪ್ಪತ್ತು ಕಿಲೋಮೀಟರ್, ಮೂವತ್ತು. ಮೂವತ್ತೈದರ ಹೊತ್ತಿಗೆ ಜಾಲಿಮರ ಕಾಣಬೇಕಿತ್ತು. ಆ ಬಯಲಿನಲ್ಲಿ ಬೇರೆ ಮರವೇ ಇಲ್ಲ. ಕಾಣಲಿಲ್ಲ. ಮೂವತ್ತೆಂಟು. ಬರೀ ಬಯಲು, ಬಿಸಿಲಿಗೆ ನಡುಗುವ ಗೆರೆ, ಕಣ್ಣು ಹೋಗುವಷ್ಟು ದೂರ ಸೂಜಿಯಂಥ ನೇರ ರಸ್ತೆ.

ರೋಸೀನಾ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ತಿರುಗಿ ನೋಡಲಿಲ್ಲ.

"ಮರ ಎಲ್ಲಿ?" ಎಂದಳು.

ಎಲಿಯಾಸರ್ ಇನ್ನೂ ಮುಂದಕ್ಕೆ ಬಾಗಿ ನೋಡಿದ. ಮುಗಿಯಿತು, ತೆಗೆದುಬಿಟ್ಟಿದ್ದಾರೆ, ಈ ಹೆಂಗಸು ಸಾಯುವ ತನಕ ನನ್ನನ್ನು ನಂಬುವುದಿಲ್ಲ ಅಂದುಕೊಂಡ.

"ಅರೆ, ಇದ್ಯಾಕೆ ಇಲ್ಲಿ?" ಎನ್ನುತ್ತ ಡೊರ್ಥೆಯಾ ಸ್ಟೀರಿಂಗ್ ಎಡಕ್ಕೆ ತಿರುಗಿಸಿದಳು.

ಬಟಾಬಯಲಿನಲ್ಲಿ, ಹಳ್ಳವಿಲ್ಲ ಗುಡ್ಡವಿಲ್ಲ, ರಸ್ತೆ ಎಡಕ್ಕೆ ಬಾಗಿ, ಇಪ್ಪತ್ತು ಹೆಜ್ಜೆ ಸರಿದು, ಮತ್ತೆ ಬಲಕ್ಕೆ ಬಂದು ನೆಟ್ಟಗಾಗುತ್ತಿತ್ತು. ದೂರದಿಂದ ಕಾಣದಷ್ಟು ಸಣ್ಣ ತಿರುವು. ತಿರುವಿನ ಒಳಗೆ ಜಾಲಿಮರ ಯಾವಾಗಲೋ ಬಿದ್ದು ಬೆಳ್ಳಗಾಗಿ ಮಲಗಿತ್ತು. ಅದರ ಪಕ್ಕದಲ್ಲಿ ಕಲ್ಲಿನ ಗುಡ್ಡೆ.

ಪಿಕಪ್ ನಿಲ್ಲುವ ಮೊದಲೇ ರೋಸೀನಾ ಬಾಗಿಲು ತೆಗೆದಿದ್ದಳು.

ಗುಡ್ಡೆ ಅವಳ ಎದೆಯ ಮಟ್ಟಕ್ಕಿತ್ತು. ಅವರು ಪೇರಿಸಿದ್ದು ಮೊಣಕಾಲಿನ ಎತ್ತರ ಅಷ್ಟೆ. ಅವಳು ಸುತ್ತ ಒಂದು ಸಲ ಬಂದಳು. ಕೆಳಗಿನ ಕಲ್ಲುಗಳು ಆ ಬಯಲಿನವೇ. ಮೇಲಿನವು ಬೇರೆಬೇರೆ. ಕರಿಯವು, ಬಿಳಿಯವು, ನದಿಯಲ್ಲಿ ನುಣ್ಣಗಾದವು, ಸಮುದ್ರದಂಡೆಯಿಂದ ತಂದ ಕೆಲವು.

"ಹೋಗ್ತಾ ಒಂದು, ಬರ್ತಾ ಒಂದು ನಾನು ಇಡ್ತಿದ್ದೆ," ಎಂದ ಎಲಿಯಾಸರ್ ಹಿಂದಿನಿಂದ. "ಆದ್ರೆ ಇಷ್ಟೊಂದು ನಾನಿಟ್ಟಿಲ್ಲ."

ಯಾರಿಟ್ಟರು ಅಂತ ರೋಸೀನಾಗೆ ಹೇಳಬೇಕಾಗಿರಲಿಲ್ಲ. ದಾರಿ ಪಕ್ಕ ಕಲ್ಲಿನ ಗುಡ್ಡೆ ಕಂಡರೆ ಅವಳ ನಾಮಾ ಕುಲದವರು ಅದು ಹೈಟ್ಸಿ-ಐಬಿಬ್ ಮಲಗಿದ ಜಾಗ ಅನ್ನುತ್ತಾರೆ. ಸತ್ತು ಸತ್ತು ಹುಟ್ಟುವ ಹಳೇ ಕಾಲದ ಹಿರೀಕ ಅವನು. ಒಂದು ಕಲ್ಲು ಇಟ್ಟು, ದಾರಿ ಸುಗಮ ಮಾಡಪ್ಪ ಎಂದು ಕೇಳಿಕೊಂಡು ಮುಂದೆ ಹೋಗುತ್ತಾರೆ. ಲಾರಿಯವರು ಇಟ್ಟಿದ್ದರು, ಮೇಕೆ ಕಾಯುವವರು ಇಟ್ಟಿದ್ದರು, ಯೋನಾಸ್ ಮತ್ತು ಅವನಂಥವರು ತಿಂಗಳು ತಿಂಗಳು ಇಟ್ಟಿದ್ದರು, ಅವರನ್ನು ನೋಡಿ ದೂರದೇಶದವರೂ ಇಟ್ಟಿದ್ದರು. ಹನ್ನೊಂದು ತಿಂಗಳ ಹುಡುಗಿಯ ಹತ್ತಿರ ಮೂವತ್ತೆಂಟು ವರ್ಷದಿಂದ ಎಲ್ಲರೂ ನಿಂತು, ಸುಖವಾಗಿ ಊರು ಮುಟ್ಟಿಸು ಎಂದು ಕೇಳಿಕೊಂಡು ಹೋಗಿದ್ದರು. ತಾಯಿಯೊಬ್ಬಳನ್ನು ಬಿಟ್ಟು.

ರೋಸೀನಾ ಬಗ್ಗಿ ಒಂದು ಕಲ್ಲು ಆರಿಸಿದಳು. ಸಣ್ಣದು, ಅಂಗೈ ಅಗಲದ್ದು. ಲಂಗದ ಅಂಚಿನಿಂದ ಧೂಳು ಒರೆಸಿ ಇಟ್ಟಳು. ಆಮೇಲೆ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ಡೊರ್ಥೆಯಾ ಹೋಗಿ ಪಕ್ಕದಲ್ಲಿ ಕೂತಳು. ಎಲಿಯಾಸರ್ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ, ಅವನ ಗಡ್ಡವೂ ನೆನೆದಿತ್ತು.

ಬಹಳ ಹೊತ್ತಿನ ಮೇಲೆ ರೋಸೀನಾ ಮೂಗು ಒರೆಸಿಕೊಂಡು ತಲೆಯೆತ್ತಿದಳು.

"ಮೂವತ್ತಾರು ವರ್ಷ ಮುದುಕಾ. ಬಾಯಿರಲಿಲ್ವಾ ನಿನಗೆ? ಒಂದು ಸಲ ಹೇಳೋಕೆ ಏನಾಗಿತ್ತು?"

"ನೀನೇ ಹೇಳಿದ್ಯಲ್ಲ, ಹೆಸರು ಎತ್ತಬೇಡ ಅಂತ."

"ಬೂಟು ಹೊರಗೆ ಬಿಡು ಅಂತ ಐವತ್ತು ವರ್ಷದಿಂದ ಹೇಳ್ತಿದ್ದೀನಿ, ಅದು ಕೇಳಲ್ಲ. ಇದೊಂದು ಮಾತು ಕೇಳೋಕೆ ಹೋದೆಯಾ?"

ಎಲಿಯಾಸರ್ ಟೋಪಿ ತಲೆಗೆ ಹಾಕಿಕೊಂಡ. ಕೈ ಚಾಚಿದ. ಅವಳು ಆ ಕೈ ಹಿಡಿದು, ಮಂಡಿಯನ್ನು ಬೈದುಕೊಂಡು ಎದ್ದಳು. ಲಂಗ ಕೊಡವಿದಳು.

"ಬರುವಾಗ ಹೆಂಗೆ ಬರೋದು ಅಂತ ಬರೆದಿದ್ದೀಯಾ?"

"ವಿಂಡ್‌ಹುಕ್ ಮೇಲೆ. ಡಾಂಬರು."

"ಹೊಡೆದು ಹಾಕು. ಇದೇ ದಾರಿ. ಸಮುದ್ರದ ಕಲ್ಲು ಒಂದು ತರ್ತೀನಿ ಅವಳಿಗೆ. ಬರ್ಕೋ ಈಗಲೇ, ಆಮೇಲೆ ಮರೀತೀಯಾ."

ಅವನು ಪಿಕಪ್ಪಿನ ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟು, ವಿಂಡ್‌ಹುಕ್ ಮೇಲೆ ಅಡ್ಡಗೆರೆ ಎಳೆದ. ಆರನೇ ಕ್ಯಾಂಪಿನ ಕೆಳಗೆ ಜಾಗವಿತ್ತು. ಏಳನೇ ಕ್ಯಾಂಪು ಅಂತ ಬರೆದು, ಅದರ ಮುಂದೆ ಬರುವಾಗ ರಾತ್ರಿ ಇಲ್ಲೇ ಅಂತ ಬರ್ಕೋ ಎಂದಳು ರೋಸೀನಾ. ಅವನು ಬರೆದುಕೊಂಡ.